ಆರಿಸದ ಇಂಜಿನ್

ಮಿಡಿಗೇಶಿಯ ಕದರಪ್ಪ ಮಧುಗಿರಿಯ ಪ್ರಭುದೇವ್ ಅವರ ಬೂಸಾ ಮಂಡಿಯಲ್ಲಿ ಲಾರಿ ಓಡಿಸಲು ಶುರುಮಾಡಿ ಇಪ್ಪತ್ತಾರು ವರ್ಷ. ಇಷ್ಟು ವರ್ಷದಲ್ಲಿ ಒಂದು ಕೋಳಿಯನ್ನೂ ಗಾಲಿಗೆ ಸಿಕ್ಕಿಸಿದವನಲ್ಲ. ಅಂಥವನ ಮೇಲೆ ಹೋದ ಬೇಸಿಗೆಯಲ್ಲಿ ಕಳ್ಳತನದ ಮಾತು ಬಂತು. ಮಂಡಿಯ ನಾಲ್ಕು ಲಾರಿಗಳಲ್ಲಿ ಅವನದೇ ಹೆಚ್ಚು ಡೀಸೆಲ್ ಕುಡಿಯುತ್ತಿತ್ತು. “ಪಾವಗಡದ ಕಡೆ ಎಲ್ಲೋ ಕ್ಯಾನಿಗೆ ಇಳಿಸ್ತಾನೆ ಬುಡು” ಎಂದು ಜೊತೆಯ ಡ್ರೈವರುಗಳೇ ಗುಸುಗುಸು ಎಬ್ಬಿಸಿದರು. ಎದುರಿಗೆ ಯಾರೂ ಅನ್ನಲಿಲ್ಲ; ಅಂದಿದ್ದರೆ ಜಗಳವಾದರೂ ಆಡಬಹುದಿತ್ತು. ಕದರಪ್ಪ ಒಳಗೇ ಬೆಂದುಹೋದ.

ಅಷ್ಟರಲ್ಲಿ ಪ್ರಭುದೇವ್ ಅವರ ಮಗಳು ಯಶಸ್ವಿನಿ, ಖರ್ಚು ತಗ್ಗಿಸಬೇಕೆಂದು ಎಲ್ಲ ಲಾರಿಗೂ ಅಂಗೈಯಗಲದ ಪೆಟ್ಟಿಗೆ ಕೂರಿಸಿದಳು. ಗಾಡಿ ಎಲ್ಲಿ ನಿಂತಿತು, ಬ್ರೇಕ್ ಹೇಗೆ ಒತ್ತಿದರು, ಟ್ಯಾಂಕಿನಲ್ಲಿ ಎಷ್ಟಿದೆ, ಎಲ್ಲವೂ ಅವಳ ಮೊಬೈಲಿಗೆ ಬರುತ್ತಿತ್ತು. ತನ್ನನ್ನು ಹಿಡಿಯಲಿಕ್ಕೇ ಇದನ್ನು ಹಾಕಿಸಿದ್ದಾರೆ ಅಂದುಕೊಂಡ ಕದರಪ್ಪ ಆ ಪೆಟ್ಟಿಗೆಗೆ ದಿನಾ ಶಾಪ ಹಾಕಿದ.

ತಿಂಗಳು ಕಳೆದ ಮೇಲೆ ಒಂದು ಬೆಳಿಗ್ಗೆ ಅವಳು ಡ್ರೈವರುಗಳನ್ನೆಲ್ಲ ಮಂಡಿಗೆ ಕರೆದಳು. ಕದರಪ್ಪ ಎಲ್ಲರ ಹಿಂದೆ ಹೋಗಿ ನಿಂತ.

“ಕದರಪ್ಪಣ್ಣ, ಮೂಟೆ ಇಳಿಸೋವಾಗ ಇಂಜಿನ್ ಯಾಕೆ ಆರಿಸಲ್ಲ?”

“ಆರಿಸಿದ್ರೆ ತಿರ್ಗಾ ಸ್ಟಾರ್ಟ್ ಆಗ್ಬೇಕಲ್ಲಮ್ಮ! ಆ ಹಳೇ ಗಾಡೀನ ಪಾವಗಡದ ಬಜಾರಲ್ಲಿ ಹಮಾಲರ ಕೈಕಾಲು ಹಿಡ್ದು ತಳ್ಳಿಸಿದ್ದೀನಿ. ಮಾನ ಹೋಗಿತ್ತು. ಅವತ್ತಿಂದ ಸಂಜೆಗಂಟ ಆರ್ಸೋದೇ ಬುಟ್‌ಬುಟ್ಟೆ ಕಣಮ್ಮ.”

“ಆ ಗಾಡಿ ಗುಜರಿಗೆ ಹೋಗಿ ಮೂರು ವರ್ಷ ಆಯ್ತಲ್ಲಣ್ಣ!”

ಎಲ್ಲರೂ ಗೊಳ್ಳೆಂದು ನಕ್ಕರು. ಯಶಸ್ವಿನಿ ನಗಲಿಲ್ಲ. ಮೊಬೈಲನ್ನು ಅವರ ಕಡೆ ತಿರುಗಿಸಿದಳು. “ನೋಡಿ, ಟ್ಯಾಂಕಿಂದ ಒಂದು ತೊಟ್ಟೂ ಹೊರಗೆ ಹೋಗಿಲ್ಲ. ದಿನಕ್ಕೆ ಮೂರು ಗಂಟೆ ನಿಂತಲ್ಲೇ ಉರಿದುಹೋಗಿದೆ. ಇನ್ನು ಈಯಣ್ಣನ ಬಗ್ಗೆ ಯಾರೂ ಇಲ್ಲದ್ದು ಮಾತಾಡ್ಬೇಡಿ.”

ನಗು ಅಲ್ಲಿಗೇ ನಿಂತಿತು. ಒಬ್ಬ ಕೆಮ್ಮಿದ, ಇನ್ನೊಬ್ಬ ಟೀ ತರುತ್ತೇನೆಂದು ಜಾರಿಕೊಂಡ. ಕದರಪ್ಪನಿಗೆ ತಲೆಯ ಮೇಲಿನ ಮೂಟೆ ಇಳಿಸಿದಷ್ಟು ಹಗುರವಾಯಿತು.

ಆ ಮಧ್ಯಾಹ್ನ ಪಾವಗಡದ ಅಂಗಡಿ ಮುಂದೆ ಅವನು ಉಸಿರು ಬಿಗಿಹಿಡಿದು ಕೀ ತಿರುಗಿಸಿ ಇಂಜಿನ್ ಆರಿಸಿದ. ಮೂಟೆ ಇಳಿಸುವವರು ಏನೋ ಕೆಟ್ಟಿತೆಂದು ಓಡಿಬಂದರು. ಖಾಲಿಯಾದ ಮೇಲೆ ಮನೆದೇವರನ್ನು ನೆನೆದು ಮತ್ತೆ ತಿರುಗಿಸಿದ. ಒಂದೇ ಸಲಕ್ಕೆ ಸ್ಟಾರ್ಟ್ ಆಯಿತು.

ವಾಪಸ್ ಬರುವಾಗ ಮಿಡಿಗೇಶಿಯಲ್ಲಿ ಮನೆ ಮುಂದೆ ಗಾಡಿ ನಿಲ್ಲಿಸಿ, ಬಾಗಿಲಿಂದಲೇ ಹೆಂಡತಿಯನ್ನು ಕೂಗಿದ: “ಲೇ ಆಂಜಿನಮ್ಮ, ನಾನು ಕಳ್ಳ ಅಲ್ವಂತೆ ಕಣೆ! ದಡ್ಡನಂತೆ!”

“ಅಯ್ಯೋ, ಅದನ್ನ ನನ್ನ ಕೇಳಿದ್ರೆ ಪೆಟ್ಗೆ ಇಲ್ದಂಗೇ ಹೇಳ್ತಿದ್ನಲ್ಲ” ಎಂದ ಆಂಜಿನಮ್ಮ, ನಗುತ್ತ ನಗುತ್ತಲೇ ಹೊಸಿಲ ಮೇಲೆ ಕೂತು ಅತ್ತುಬಿಟ್ಟಳು.