ಹಿರಿಯ ಮಗ ಒಳಗೆ ಹೋದನೇ?

ಇಪ್ಪತ್ತನೆಯ ವಯಸ್ಸಿನಲ್ಲಿ, ದೇವರಿಗೆ ನನ್ನಿಂದ ಸ್ವಲ್ಪ ಸಹಾಯ ಬೇಕಾಗಿದೆ ಎಂದು ನಾನು ಮನಸಾರೆ ನಂಬಿದ್ದೆ. ಈಗ ಹೇಳಿಕೊಳ್ಳಲು ನಾಚಿಕೆ. ಆಗ ಅದನ್ನೇ ಭಕ್ತಿ ಎಂದುಕೊಂಡಿದ್ದೆ. ಹಾಸನದ ನಮ್ಮ ಚರ್ಚಿನ ಯುವಕ ಸಂಘದಲ್ಲಿ ನನ್ನಷ್ಟು ಉದ್ದದ ಪ್ರಾರ್ಥನೆ ಮಾಡುವವರು ಬೇರೆ ಯಾರೂ ಇರಲಿಲ್ಲ. ನಾನು ಆಮೆನ್ ಅನ್ನುವ ಹೊತ್ತಿಗೆ ಹಿಂದಿನ ಬೆಂಚಿನಲ್ಲಿ ಇಬ್ಬರು ನಿದ್ದೆ ಮುಗಿಸಿ ಎದ್ದಿರುತ್ತಿದ್ದರು. ಅವರು ಧ್ಯಾನದಲ್ಲಿದ್ದರೆಂದೇ ನನ್ನ ತಿಳುವಳಿಕೆ.

ಗೊರೂರಿನ ಅಣೆಕಟ್ಟು ಇನ್ನೂ ಬರೀ ಮಾತಿನಲ್ಲೇ ಇದ್ದ ಕಾಲ. ಒಂದು ದಸರಾ ರಜೆಯಲ್ಲಿ ಸಂಘದ ಆರು ಜನ, ಒಂದು ಹಾರ್ಮೋನಿಯಂ ಹೊತ್ತುಕೊಂಡು, ಅರಕಲಗೂಡಿನ ಕಡೆಯ ಹಳ್ಳಿಗಳಿಗೆ ಸುವಾರ್ತೆ ಸಾರಲು ಹೊರಟೆವು. ಮುಂದಾಳು ಉಪದೇಶಿ ಆನಂದಪ್ಪನವರು. ಆ ದಾರಿಗಳನ್ನೆಲ್ಲ ನಡೆದೇ ಸವೆಸಿದವರು, ಮಾತು ಕಡಿಮೆ. ಬಸ್ಸಿನಲ್ಲಿ ನನಗೆ ಹೇಳಿದ್ದು ಒಂದೇ: "ಚಿಕ್ಕದಾಗಿ ಹೇಳಪ್ಪ. ಅವರಿಗೆ ಕೆಲಸ ಇರ್ತದೆ."

ಪಾಪ, ವಯಸ್ಸಾಯಿತು, ಉತ್ಸಾಹ ಇಳಿದಿದೆ ಎಂದು ಅವರಿಗಾಗಿಯೂ ಮನಸ್ಸಿನಲ್ಲೇ ಪ್ರಾರ್ಥಿಸಿದೆ.

ಮೊದಲ ಹಳ್ಳಿಯಲ್ಲಿ ಹೊಂಗೆಮರದ ನೆರಳಿಗೆ ಆಲೂಗೆಡ್ಡೆ ರಾಶಿ ಬಿದ್ದಿತ್ತು. ಏಳೆಂಟು ಹೆಂಗಸರು ದಪ್ಪದ್ದು ಸಣ್ಣದ್ದು ಬೇರೆ ಮಾಡುತ್ತಿದ್ದರು. ರಾಶಿಯ ಒಡತಿ ನಿಂಗಮ್ಮ, ಅರವತ್ತು ದಾಟಿದವಳು, ನಮ್ಮನ್ನು ಕಂಡು ಚಾಪೆ ಹಾಸಿಸಿದಳು. "ಕತೆ ಏಳೋ ಅಂಗಿದ್ರೆ ಏಳಿ ಸಾ. ಕೈ ನಿಲ್ಸಾಕಾಗಾಕಿಲ್ಲ, ಕಿವಿ ಕಾಲಿ ಅವೆ."

ನಾನು ಎದ್ದು ನಿಂತು, ಮನೆ ಬಿಟ್ಟುಹೋಗಿ ಮರಳಿ ಬಂದ ಮಗನ ಸಾಮತಿಯನ್ನು, ಯೇಸು ಹೇಳಿದ ಆ ದೃಷ್ಟಾಂತದ ಕತೆಯನ್ನು, ಶುರುಮಾಡಿದೆ. ನನ್ನ ಕನ್ನಡವೋ, ಪುಸ್ತಕದಿಂದ ನೇರವಾಗಿ ಇಳಿದದ್ದು. "ದುಂದುಗಾರನಾದ ಕಿರಿಯ ಕುಮಾರನು ದೂರದೇಶಕ್ಕೆ ತೆರಳಿ ದುರ್ವ್ಯಾಪಾರದಲ್ಲಿ ಆಸ್ತಿಯನ್ನೆಲ್ಲ ವ್ಯಯಮಾಡಿ..."

"ಏನಂತೆ?" ಎಂದಳು ಒಬ್ಬಳು.

"ಕಿರೀ ಮಗ ಪಾಲು ಇಸ್ಕಂಡು ಓಡೋಗ್ಬುಟ್ನಂತೆ ಕಣ್ರೇ, ಎಲ್ಲಾ ಕಳ್ಕಂಡ," ಎಂದು ನಿಂಗಮ್ಮ ನನ್ನ ಕಾಲು ಗಂಟೆಯನ್ನು ಒಂದೇ ಉಸಿರಿನಲ್ಲಿ ಮುಗಿಸಿದಳು. ಅಲ್ಲಿಂದ ಮುಂದೆ ನಾನು ಹೇಳುವುದು, ಅವಳು ಕನ್ನಡ ಮಾಡುವುದು.

ಮಗ ಬಂದ, ತಂದೆ ಅಪ್ಪಿಕೊಂಡ, ಔತಣಕ್ಕೆಂದು ಕೊಬ್ಬಿದ ಕರುವನ್ನು... ಎನ್ನುವಷ್ಟರಲ್ಲಿ ಎದುರಿನ ಗೂಟಕ್ಕೆ ಕಟ್ಟಿದ್ದ ಕರು ನನ್ನನ್ನೇ ನೋಡಿತು. "...ಒಬ್ಬಟ್ಟಿನ ಅಡುಗೆ ಮಾಡಿಸಿದ" ಎಂದುಬಿಟ್ಟೆ. ಆನಂದಪ್ಪನವರು ಕೆಮ್ಮಿದರು. ಮನೆಯಲ್ಲೇ ಉಳಿದು ದುಡಿದಿದ್ದ ಹಿರಿಯ ಮಗ ಸಿಟ್ಟಿನಿಂದ ಹೊರಗೇ ನಿಂತದ್ದನ್ನೂ ತಂದೆ ಬಂದು ಬೇಡಿಕೊಂಡದ್ದನ್ನೂ ಹೇಳಿ ಪುಸ್ತಕ ಮುಚ್ಚಿದೆ.

"ಆಮ್ಯಾಕೆ?" ಎಂದಳು ನಿಂಗಮ್ಮ.

"ಅಷ್ಟೇ ಅಮ್ಮ."

"ಅಷ್ಟೇ ಅಂದ್ರೆ? ದೊಡ್ಡೋನು ಒಳೀಕೆ ಓದ್ನೋ ಇಲ್ವೋ?"

"ಅದು... ಬರೆದಿಲ್ಲ."

"ಬರ್ದಿಲ್ವಾ! ಅಪ್ಪ ಬಾಕ್ಲಲ್ಲಿ ನಿಂತ್ಕಂಡು ಕರೀತಾವ್ನೆ, ಒಬ್ಬಟ್ಟು ಆರೋಯ್ತಾ ಅದೆ, ಇವ್ನು ಓದ್ನೋ ಬುಟ್ನೋ ಬರ್ದಿಲ್ವಾ?"

ಹೆಂಗಸರಲ್ಲಿ ಎರಡು ಪಕ್ಷವಾಯಿತು. "ಗೇದೋನು ಅವ್ನು, ಕ್ವಾಪ ಬರಾಕಿಲ್ವಾ?" ಎಂದು ಒಬ್ಬಳು. "ಒಡಹುಟ್ದೋನಲ್ವೇನೇ?" ಎಂದು ಇನ್ನೊಬ್ಬಳು. ನಾನು ಆನಂದಪ್ಪನವರ ಕಡೆ ತಿರುಗಿದೆ. ಅವರು ಆಗಲೇ ರಾಶಿಯ ಪಕ್ಕ ಕೂತು ಗೆಡ್ಡೆ ಆರಿಸುತ್ತಿದ್ದರು. "ನೀನೇ ಹೇಳಪ್ಪ" ಎಂದರು.

"ನಿಂಗೆ ತಮ್ಮದೀರು ಅವ್ರಾ?" ಎಂದಳು ನಿಂಗಮ್ಮ.

"ಒಬ್ಬ ಇದ್ದಾನೆ."

"ಅವ್ನು ಇಂಗೆ ಮಾಡಿದ್ರೆ ನೀನೇನ್ ಮಾಡ್ತಿದ್ದೆ?"

ನನ್ನ ತಮ್ಮ ಪ್ರಭಾಕರ ಹಾಗೆಯೇ ಮಾಡಿದ್ದ. ಹೇಳದೆ ಕೇಳದೆ ನಾಟಕದ ಕಂಪನಿಯ ಜೊತೆ ಹೋಗಿ, ವರ್ಷದ ಮೇಲೆ ಕಡ್ಡಿಯಂತಾಗಿ ಬಂದಿದ್ದ. ಅಪ್ಪ ಅಳುತ್ತಾ ಒಳಗೆ ಕರೆದುಕೊಂಡರು. ನಾನು ಮಾತ್ರ ಮಾತು ಬಿಟ್ಟೆ. ಪಕ್ಕದಲ್ಲೇ ಕೂತು ಉಣ್ಣುವಾಗಲೂ "ಅವನಿಗೆ ಉಪ್ಪು ಬೇಕಂತೆ" ಎಂದು ಅಮ್ಮನ ಮೂಲಕವೇ ವ್ಯವಹಾರ. ಅವನ ಪಶ್ಚಾತ್ತಾಪಕ್ಕಾಗಿ ದಿನವೂ ಪ್ರಾರ್ಥಿಸುತ್ತಿದ್ದೆ, ಗೋಡೆಯಾಚೆ ಅವನಿಗೆ ಕೇಳುವಷ್ಟು ಗಟ್ಟಿಯಾಗಿ. ಆ ಸಾಮತಿಯನ್ನು ಅಷ್ಟು ಸಲ ಓದಿದ್ದರೂ ಅದರಲ್ಲಿ ನಾನೂ ಒಂದು ಕಡೆ ನಿಂತಿದ್ದೇನೆಂದು ಹೊಳೆದಿರಲಿಲ್ಲ.

"ಅವನು ಹಾಗೆಯೇ ಹೋಗಿ ಬಂದು ಮೂರು ತಿಂಗಳಾಯ್ತು, ನಾನಿನ್ನೂ ಮಾತಾಡಿಸಿಲ್ಲ ಅಮ್ಮ," ಎಂದೆ.

ಅಲ್ಲಿಯವರೆಗೆ ನಿಲ್ಲದ ಕೈಗಳು ನಿಂತವು. ನಿಂಗಮ್ಮ ಬೈಯಲಿಲ್ಲ. "ಅಂಗಾರೆ ನೀನಿನ್ನೂ ಒರ್ಗೇ ನಿಂತಿದ್ದೀಯ ಕಣಪ್ಪ," ಎಂದಷ್ಟೇ ಹೇಳಿ ಮಜ್ಜಿಗೆ ತರಿಸಿದಳು. ಹೊರಡುವಾಗ ನನ್ನ ಚೀಲಕ್ಕೆ ಎರಡು ಬೊಗಸೆ ಗೆಡ್ಡೆ ಸುರಿದಳು. "ತಮ್ಮುಂಗೆ."

ಉಳಿದ ಹಳ್ಳಿಗಳಲ್ಲಿ ನಾನು ಹಾರ್ಮೋನಿಯಂ ಹೊತ್ತೆ, ಮಾತು ಬೇರೆಯವರದು.

ಮನೆಗೆ ಬಂದಾಗ ಪ್ರಭಾಕರ ಅಂಗಳದಲ್ಲಿ ಸೈಕಲ್ ಚೈನಿಗೆ ಎಣ್ಣೆ ಬಿಡುತ್ತಿದ್ದ. ಬಸ್ಸಿನಲ್ಲಿ ಮೂರು ಭಾಗಗಳ ಒಂದು ಭಾಷಣ ಸಿದ್ಧ ಮಾಡಿಕೊಂಡಿದ್ದೆ. ಬಾಯಿಂದ ಬಂದದ್ದು: "ಪ್ರಭಾ, ಆಲೂಗೆಡ್ಡೆ ತಂದಿದ್ದೀನಿ."

ಅವನು ಹಿಂದೆ ಯಾರಾದರೂ ನಿಂತಿದ್ದಾರೆಯೇ ಎಂದು ತಿರುಗಿ ನೋಡಿದ. "ನನ್ಹತ್ರಾನಾ ಮಾತಾಡ್ತಿರೋದು?"

"ಹೂಂ."

ಕೈಯ ಎಣ್ಣೆ ಒರೆಸಿಕೊಂಡು, "ಪಲ್ಯಾನೋ, ಬೋಂಡಾನೋ?" ಎಂದ.

"ಬೋಂಡ."

ಒಳಗೆ ಅಮ್ಮ ಬಾಣಲೆ ಇಟ್ಟ ಸದ್ದು ಕೇಳಿಸಿತು.

ಮುಂದಿನ ಭಾನುವಾರ ಸಂಘದ ಕಾರ್ಯದರ್ಶಿ ನೋಟುಪುಸ್ತಕ ಬಿಚ್ಚಿ, ಪ್ರವಾಸದಲ್ಲಿ ಎಷ್ಟು ಜನರ ಮನಸ್ಸು ತಿರುಗಿತು ಎಂದು ಕೇಳಿದ.

"ಒಬ್ಬನದು," ಎಂದೆ.

ಅವನು ಸಂತೋಷದಿಂದ ಪೆನ್ನು ತೆಗೆದ. "ಯಾವ ಊರು? ಅರಕಲಗೂಡಾ?"

"ಅಲ್ಲ," ಎಂದೆ. "ಹಾಸನದವನೇ."