ಆರ್ಡಿಸ್ ಕೈಯ ಬಲೆ

ಎಲ್ರಾಯ್ ಕುಬಿಯಾಕ್‌ನನ್ನು ಕಂಡರೆ ನನಗೆ ಮೈ ಉರಿಯುತ್ತದೆ. ಇದನ್ನು ಮೊದಲೇ ಹೇಳಿಬಿಡುವುದು ಒಳ್ಳೆಯದು. ಇಲ್ಲದಿದ್ದರೆ ಅವನ ಹೆಂಡತಿ ಆರ್ಡಿಸ್ ವಿಷಯವನ್ನು ನಾನು ತಕ್ಕಡಿ ಹಿಡಿದು ಹೇಳುತ್ತಿದ್ದೇನೆಂದು ಯಾರಾದರೂ ನಂಬಿಯಾರು. ಟ್ಯಾಮರಾಕ್ ಕೆರೆಯ ದಂಡೆಯಲ್ಲಿ ಮೂವತ್ತು ವರ್ಷದಿಂದ ಬಾರು ನಡೆಸುತ್ತಿದ್ದೇನೆ. ವಿಸ್ಕಾನ್ಸಿನ್ನಿನ ಈ ಉತ್ತರದ ತುದಿಯಲ್ಲಿ ಬಾರು ಎಂದರೆ ಮಸ್ಕಿ ಎಂಬ ಎರಡು ಮೂರು ಮೊಳದ ಕೆರೆಮೀನಿನ ಸುಳ್ಳುಗಳನ್ನು ಕೇಳಿಸಿಕೊಳ್ಳುವ ಜಾಗ. ನಾನೂ ಕೇಳಿಸಿಕೊಂಡಿದ್ದೇನೆ, ಗ್ಲಾಸು ತುಂಬಿಸಿದ್ದೇನೆ, ಎಲ್ಲರ ಜೊತೆ ನಕ್ಕಿದ್ದೇನೆ.

ಎಲ್ರಾಯ್ ಗೈಡು. ಮಿಲ್ವಾಕಿ, ಷಿಕಾಗೋ ಕಡೆಯ ದುಡ್ಡಿನವರನ್ನು ಮಸ್ಕಿ ಹಿಡಿಸಲು ಕರೆದೊಯ್ಯುವುದು ಅವನ ಕಸುಬು. ಗಿರಾಕಿ ಇಲ್ಲದ ದಿನ ತನಗಾಗಿ ಹೋಗುವಾಗ ಹುಟ್ಟು ಹಾಕಲು ಹೆಂಡತಿ ಬೇಕು. ಅವನು ನಿಂತು ಗಾಳ ಎಸೆಯುತ್ತಾನೆ, ಅವಳು ಜೊಂಡಿನ ಅಂಚಿಗೆ ಸರಿಯಾಗಿ ದೋಣಿ ಹಿಡಿದಿರಬೇಕು, ಗಾಳಿ ತಳ್ಳಿದರೆ ಮತ್ತೆ ಅಲ್ಲಿಗೇ ತರಬೇಕು. ಬೆಳಗಿನಿಂದ ಸಂಜೆಯವರೆಗೆ ಎಸೆದರೂ ಮಸ್ಕಿ ಕಣ್ಣಿಗೇ ಬೀಳದ ದಿನಗಳು ಹೆಚ್ಚು. ಬಿದ್ದರೂ ದೋಣಿಯವರೆಗೆ ಹಿಂಬಾಲಿಸಿ ಬಂದು, ಎಸೆದವನ ಮುಖ ನೋಡಿಕೊಂಡು ತಿರುಗಿ ಹೋಗುತ್ತದೆ. ಆ ಸಿಟ್ಟನ್ನೆಲ್ಲ ಅವನು ಹುಟ್ಟು ಹಾಕುವವಳ ಮೇಲೆ ತೀರಿಸಿಕೊಳ್ಳುತ್ತಿದ್ದ. ಒಂದು ದಿನವೂ ಗಾಳದ ಕೋಲನ್ನು ಅವಳ ಕೈಗೆ ಕೊಟ್ಟವನಲ್ಲ.

ಬಲೆ ಮಾತ್ರ ಅವಳ ಕೈಯಲ್ಲಿ. ಅಷ್ಟು ದೊಡ್ಡ ಮೀನನ್ನು ಗಾಳ ಹಿಡಿದವನೊಬ್ಬನೇ ದೋಣಿಗೆ ಎತ್ತಿಕೊಳ್ಳಲಾರ, ಉದ್ದ ಹಿಡಿಯ ಕೈಬಲೆ ಹಿಡಿದು ಇನ್ನೊಬ್ಬರು ಕಾದಿರಬೇಕು. ಅವರು ಆತುರಪಟ್ಟು ಬಲೆಯ ರಿಂಗನ್ನು ದಾರಕ್ಕೋ ಕೊಕ್ಕೆಗೋ ತಾಗಿಸಿದರೆ ಮೀನು ಹೋಯಿತು. ನಮ್ಮ ಕಡೆ ಹೆಂಡತಿಯನ್ನು ಬಿಟ್ಟು ಓಡಿದವನನ್ನೂ ಕ್ಷಮಿಸುತ್ತಾರೆ, ಇನ್ನೊಬ್ಬನ ಮಸ್ಕಿಯನ್ನು ಬಲೆಯಿಂದ ತಪ್ಪಿಸಿದವನನ್ನು ಕ್ಷಮಿಸುವುದಿಲ್ಲ.

ಅರವತ್ತೆಂಟರ ಅಕ್ಟೋಬರಿನಲ್ಲಿ ಒಂದು ದಿನ ಎಲ್ರಾಯ್ ಬಾರಿಗೆ ಬಂದು ಸ್ಟೂಲಿನ ಮೇಲೆ ಕುಸಿದು ಕೂತ. ದೋಣಿಯ ಪಕ್ಕಕ್ಕೇ ಬಂದಿದ್ದ ಮೀನು ಹೋಯಿತಂತೆ. ಆರ್ಡಿಸ್ ಬಲೆಯ ರಿಂಗನ್ನು ದಾರಕ್ಕೆ ಹೊಡೆದು ತುಂಡು ಮಾಡಿದಳಂತೆ. ಆ ದಿನ ಮೀನು ನಲವತ್ತಾರು ಇಂಚಿತ್ತು. ಕ್ರಿಸ್‌ಮಸ್ ಹೊತ್ತಿಗೆ ನಲವತ್ತೊಂಬತ್ತಾಯಿತು, ಐದಾರು ವರ್ಷದಲ್ಲಿ ಐವತ್ತನಾಲ್ಕಕ್ಕೆ ಬಂದು ನಿಂತಿತು. ಮೀನು ಬೆಳೆದಂತೆಲ್ಲ ಆರ್ಡಿಸ್ ತಪ್ಪೂ ಬೆಳೆಯಿತು. ನಮ್ಮ ಬಾರಿನಲ್ಲಿ ಕೈಗೆ ಬಂದ ಮೀನು ತಪ್ಪಿದರೆ 'ಆರ್ಡಿಸ್ ಆಯ್ತು' ಎನ್ನತೊಡಗಿದರು. ಟಪಾಲಿನ ನಾರ್ಬರ್ಟ್ ಅಂತೂ ಸಾರಿನ ಬಟ್ಟಲು ಕೈಜಾರಿದರೂ ಅದನ್ನೇ ಹೇಳುತ್ತಿದ್ದ. ಅವಳ ಇಬ್ಬರು ಮಕ್ಕಳು ಶಾಲೆಯಲ್ಲಿ ಅದನ್ನು ಕೇಳಿಕೊಂಡೇ ಬೆಳೆದರು. ಹಾಗೆ ಹುಟ್ಟಿದ ಮಾತು ಇಪ್ಪತ್ತು ವರ್ಷ ಉಳಿಯಿತು, ಅವಳ ಒಳ್ಳೆಯ ಹೆಸರು ಉಳಿಯಲಿಲ್ಲ.

ಮಕ್ಕಳು ದೊಡ್ಡವರಾದ ಮೇಲೆ ಆರ್ಡಿಸ್ ಬಾರಿನಲ್ಲಿ ಪ್ರತಿ ಶುಕ್ರವಾರ ಬಡಿಸುವ ಕರಿದ ಮೀನಿನ ಊಟಕ್ಕೆಂದು ನನ್ನ ಅಡುಗೆಮನೆಗೆ ಕೆಲಸಕ್ಕೆ ಬಂದಳು. ಎಂಬತ್ತರಲ್ಲಿರಬೇಕು, ಒಂದು ಸಂಜೆ ಮೀನಿನ ತುಂಡುಗಳನ್ನು ಹಿಟ್ಟಿನಲ್ಲಿ ಹೊರಳಿಸುತ್ತ, ತಲೆ ಎತ್ತದೆಯೇ ಹೇಳಿದಳು.

"ಅವತ್ತು ಆ ಮೀನು ಹೋದಾಗ ದಾರದ ತುದಿ ನಾನು ನೋಡ್ದೆ, ಲವರ್ನ್. ಹಂದಿ ಬಾಲದ ಥರ ಸುರುಳಿ ಸುತ್ಕೊಂಡಿತ್ತು."

ಮೀನು ಹಿಡಿಯುವವರಿಗೆ ಅಷ್ಟು ಸಾಕು. ಯಾವುದಕ್ಕೋ ತಗುಲಿ ತುಂಡಾದ ದಾರದ ತುದಿ ನೇರವಾಗಿರುತ್ತದೆ. ಕೊಕ್ಕೆಗೆ ಕಟ್ಟಿದ ಗಂಟು ಜಾರಿ ಬಿಚ್ಚಿಕೊಂಡರೆ ಮಾತ್ರ ಸುರುಳಿ. ಅರವತ್ತೆಂಟರಲ್ಲಿ ಎಲ್ರಾಯ್ ಹಳೆಯ ಹೆಣೆದ ದಾರ ಬಿಟ್ಟು ಹೊಸ ನೈಲಾನ್ ದಾರ ಕೊಂಡಿದ್ದ, ಅದಕ್ಕೂ ತನ್ನಪ್ಪ ಕಲಿಸಿದ ಗಂಟನ್ನೇ ಹಾಕಿದ್ದ. ನುಣುಪು ನೈಲಾನಿನಲ್ಲಿ ಆ ಗಂಟು ನಿಲ್ಲುವುದಿಲ್ಲ. ಮೀನು ಹೋದ ಮೇಲೆ ಅವನು ದಾರ ಸುತ್ತಿಕೊಂಡು, ತುದಿಯನ್ನು ಹಲ್ಲಿನಲ್ಲಿ ಕತ್ತರಿಸಿ, ಅವಳ ಮುಖ ನೋಡುತ್ತಲೇ ಕೆರೆಗೆ ಉಗುಳಿದನಂತೆ.

ಆಗಲೇ ಯಾಕೆ ಹೇಳಲಿಲ್ಲ ಎಂದು ಕೇಳಿದೆ. ಗೈಡು ಕಟ್ಟಿದ ಗಂಟು ಜಾರಿತು ಎಂದು ಸುದ್ದಿಯಾದರೆ ಮಾರನೆಯ ದಿನದಿಂದ ಗಿರಾಕಿ ಬರುವುದಿಲ್ಲ, ಮಕ್ಕಳು ಚಿಕ್ಕವರಿದ್ದರು ಎಂದಳು. ಆಮೇಲೆ ಹೇಳಿದ್ದರೆ ನಂಬುವವರು ಯಾರೂ ಇರಲಿಲ್ಲ.

ಅದೇ ವಾರ ಎಲ್ರಾಯ್ ಒಬ್ಬನೇ ಸಿಕ್ಕಾಗ ನೇರವಾಗಿ ಕೇಳಿಯೇಬಿಟ್ಟೆ. ಅವನು ನಾಚಿಕೆಯೇ ಇಲ್ಲದೆ ಹಲ್ಲು ಕಿರಿದ. "ಗಂಟು ಜಾರ್ತು, ಏನೀಗ? ಯಾರಿಗೆ ಹೇಳ್ತೀಯ? ನನ್ ಗಿರಾಕಿಗಳೆಲ್ಲ ಕುಡಿಯೋದು ನಿನ್ ಬಾರಲ್ಲೇ ತಾನೆ?" ಎಂದ. ಆ ಗಿರಾಕಿಗಳು ನನಗೆ ಬೇಕಿದ್ದರು. ಬಾಯಿಗೆ ಬೀಗ ಹಾಕಿಕೊಂಡೆ. ಅವನ ಮೇಲಿನ ಸಿಟ್ಟು ಹೆಚ್ಚಿತೇ ಹೊರತು ಬೀಗ ತೆಗೆಯಲಿಲ್ಲ.

ಹೀಗೇ ಎಂಬತ್ತೊಂಬತ್ತು ಬಂತು. ಎಲ್ರಾಯ್‌ನ ಬಲಭುಜ ಕೆಟ್ಟು ಕೂತಿತ್ತು, ಗಿರಾಕಿಗಳು ಹೊಸ ಮೋಟಾರು ದೋಣಿಯ ಹುಡುಗರ ಕಡೆ ಹೋಗಿದ್ದರು. ಆದರೂ ಹೆಂಡತಿಯ ಕೈಗೆ ಹುಟ್ಟು ಕೊಟ್ಟು ಕೆರೆಗಿಳಿಯುವುದನ್ನು ಬಿಟ್ಟಿರಲಿಲ್ಲ. ಅಕ್ಟೋಬರಿನ ಒಂದು ಶುಕ್ರವಾರ ಮಧ್ಯಾಹ್ನ ನಾನು ಚಳಿಗಾಲದ ಮಂಜುಗಡ್ಡೆ ಮುರಿಯದಿರಲೆಂದು ದಂಡೆಯಲ್ಲಿ ದೋಣಿ ಕಟ್ಟುವ ಮರದ ಕಟ್ಟೆಯ ಹಲಗೆ ಕಳಚುತ್ತಿದ್ದೆ. ನೀರು ಅಲುಗದೆ ನಿಂತಿತ್ತು. ಅವರ ದೋಣಿ ಎರಡು ಕಲ್ಲೆಸೆತದ ದೂರದಲ್ಲಿತ್ತು. ಅವನ ಕೋಲು ಬಾಗಿದ್ದು ಕಂಡಿತು, ಆಮೇಲೆ ಮೀನು ಒಂದು ಸಲ ಮೇಲೆ ಹೊರಳಿತು. ಅಬ್ಬಾ, ಅವನು ಜೀವಮಾನವಿಡೀ ಹೇಳಿದ ಸುಳ್ಳಿನಷ್ಟೇ ಉದ್ದವಿತ್ತು.

"ಬಲೆ" ಎಂದ ಎಲ್ರಾಯ್.

ಆರ್ಡಿಸ್ ಹುಟ್ಟುಗಳನ್ನು ಒಳಗೆಳೆದುಕೊಂಡು ಬಲೆಯನ್ನು ತೊಡೆಯ ಮೇಲೆ ಅಡ್ಡ ಇಟ್ಟುಕೊಂಡಳು. "ಅರವತ್ತೆಂಟರಲ್ಲಿ ಮೀನು ಹೋಗಿದ್ದು ಯಾರ ತಪ್ಪು? ಹೇಳು, ಎತ್ತೀನಿ." ಅವಳೇನೂ ಕೂಗಲಿಲ್ಲ. ಆ ನಿಂತ ನೀರಿನ ಮೇಲೆ ಪ್ರತಿ ಮಾತೂ ನನ್ನವರೆಗೆ ಬಂತು.

"ಹುಚ್ಚು ಹಿಡೀತಾ ನಿನಗೆ? ಬಲೆ ಹಾಕೇ."

"ಗಂಟು ನಂದು ಅನ್ನು, ಸಾಕು. ಮೀನು ನಿಂದೇ."

ಮೀನು ಎರಡು ಸಲ ತಳಕ್ಕೆ ಹೋಯಿತು. ಮೂರನೆಯ ಸಲ ದಣಿದು ದೋಣಿಯ ಪಕ್ಕಕ್ಕೆ ಬಂದು ವಾಲಿಕೊಂಡಿತು. ದೋಣಿಯಲ್ಲಿ ಇದ್ದವರು ಗಂಡ ಹೆಂಡತಿ ಇಬ್ಬರೇ, ನಾನು ದಂಡೆಯಲ್ಲಿರುವುದೂ ಅವನಿಗೆ ಗೊತ್ತಿರಲಿಲ್ಲ. ಎರಡು ಪದ ಹೇಳಿದ್ದರೆ ಮುಗಿಯುತ್ತಿತ್ತು. ಹೇಳೋ ಕತ್ತೆ, ಹೇಳೋ ಎಂದು ನಾನೇ ಗೊಣಗಿಕೊಂಡೆ. ಅವನು ಬಾಯಿ ಬಿಡಲಿಲ್ಲ. ಕೋಲನ್ನು ಒಂದೇ ಕೈಗೆ ತಂದುಕೊಂಡು ಬಲೆ ಕಸಿಯಲು ಬಗ್ಗಿದ. ಕೆಟ್ಟ ಭುಜ ಕೈಕೊಟ್ಟಿತು, ದಾರ ಸಡಿಲವಾಯಿತು, ಮೀನು ತಲೆ ಕೊಡವಿ ಕೊಕ್ಕೆ ಉದುರಿಸಿಕೊಂಡು ಹೋಯಿತು. ಆರ್ಡಿಸ್ ಬಲೆಯನ್ನು ಕೆಳಗಿಟ್ಟು, ಹುಟ್ಟು ಹಾಕಿ ದೋಣಿಯನ್ನು ದಂಡೆಗೆ ತಂದಳು.

ನಾನು ಒಳಗೆ ಹೋಗಿ ಕೌಂಟರಿನ ಹಿಂದೆ ನಿಲ್ಲುವಷ್ಟರಲ್ಲಿ ಎಲ್ರಾಯ್ ಬಂದ. ಬ್ರಾಂದಿ ಕೇಳಿದ. ಶುಕ್ರವಾರದ ಮಂದಿ ಆಗಲೇ ಸೇರಿದ್ದರು. ಐವತ್ತನಾಲ್ಕು ಇಂಚು, ದೋಣಿಯ ಪಕ್ಕದಲ್ಲೇ, ಮತ್ತೆ ಆರ್ಡಿಸ್ ಆಯ್ತು ಎಂದ. ಎಲ್ಲರೂ ನಕ್ಕರು. ಎಲ್ಲರಿಗಿಂತ ಜೋರಾಗಿ ನಕ್ಕವನು ನಾರ್ಬರ್ಟ್.

ಅಡುಗೆಮನೆಯ ಬಾಗಿಲಲ್ಲಿ ಆರ್ಡಿಸ್ ಏಪ್ರನ್ ಕಟ್ಟಿಕೊಂಡು ನಿಂತಿದ್ದಳು. "ಹೌದು, ಈ ಸಲದ್ದು ನಂದೇ" ಎಂದಳು. "ಬಲೆ ತೊಡೆ ಮೇಲಿತ್ತು, ಬೇಕಂತಲೇ ಎತ್ಲಿಲ್ಲ. ಇನ್ಮೇಲೆ ಎಷ್ಟು ಬೇಕಾದ್ರೂ ನಗಿ. ಆದ್ರೆ ಹಿಂದಿನದು ಇವನು ಕಟ್ಟಿದ ಗಂಟು."

"ಸುಳ್ಳು ಹೇಳ್ತಾಳೆ" ಎಂದ ಎಲ್ರಾಯ್. "ನೋಡಿದೋರು ಯಾರಿದಾರೆ?"

ಆರ್ಡಿಸ್ ಅವನತ್ತ ತಿರುಗಲಿಲ್ಲ, ನನ್ನನ್ನು ನೋಡಿದಳು. "ಲವರ್ನ್‌ಗೆ ಗೊತ್ತು. ಒಂಬತ್ತು ವರ್ಷದಿಂದ ಗೊತ್ತು."

ಬಾರಿನ ಕಣ್ಣೆಲ್ಲ ನನ್ನ ಮೇಲೆ ಬಿತ್ತು. ಹೇಳಿದೆ. ಗಂಟು ಅವನದೇ, ಅವನ ಬಾಯಿಂದಲೇ ಕೇಳಿದ್ದೇನೆ, ಈವತ್ತು ಮೀನು ಕಳೆದುಕೊಂಡರೂ ಅದನ್ನು ಒಪ್ಪಿಕೊಳ್ಳದೆ ಕೂತಿದ್ದನ್ನೂ ಕಟ್ಟೆಯ ಮೇಲಿಂದ ಕಂಡಿದ್ದೇನೆ ಎಂದೆ. ನಾರ್ಬರ್ಟ್ ತನ್ನ ಬಿಯರಿನ ನೊರೆ ನೋಡುತ್ತ ಕೂತ. ಎಲ್ರಾಯ್ ಬ್ರಾಂದಿಯನ್ನು ಅರ್ಧಕ್ಕೇ ಬಿಟ್ಟು ಹೊರಟುಹೋದ. ನಿಜ ಹೇಳುತ್ತೇನೆ, ನನಗೆ ಎದೆಯುಬ್ಬಿ ಬಂತು. ಏನೋ ದೊಡ್ಡದನ್ನು ಮಾಡಿದವಳ ಹಾಗೆ ಆರ್ಡಿಸ್‌ಗೆ ಒಂದು ಗ್ಲಾಸು ತುಂಬಿಸಿ ಮುಂದಿಟ್ಟೆ.

ಅವಳು ಅದನ್ನು ಮುಟ್ಟಲಿಲ್ಲ. ಏಪ್ರನ್ ಬಿಚ್ಚಿ, ಮಡಿಸಿ, ಗ್ಲಾಸಿನ ಪಕ್ಕದಲ್ಲಿಟ್ಟಳು.

"ಹೇಳಿದ್ರೆ ಅವನ ಮಾನ ಹೋಗ್ತಿತ್ತು, ಅವನು ಹೇಳ್ಲಿಲ್ಲ" ಎಂದಳು. "ನಿನಗೇನು ಹೋಗ್ತಿತ್ತು, ಲವರ್ನ್?"

ನಾನು ಬಟ್ಟೆ ತೆಗೆದುಕೊಂಡು ಕೌಂಟರು ಒರೆಸತೊಡಗಿದೆ.

"ನಿನ್ ಮೀನು ನೀನೇ ಕರಿದ್ಕೋ" ಎಂದು ಹೇಳಿ ಮುಂಬಾಗಿಲಿನಿಂದಲೇ ಹೊರಟುಹೋದಳು.

ಆ ಸಂಜೆ ಅರವತ್ತು ತಟ್ಟೆ ಮೀನನ್ನು ನಾನೊಬ್ಬಳೇ ಕರಿದೆ. ಅರ್ಧಕ್ಕರ್ಧ ಸೀದುಹೋಗಿತ್ತು. ಯಾರೂ ತಕರಾರು ಮಾಡಲಿಲ್ಲ, ಎಲ್ಲರೂ ತಲೆ ತಗ್ಗಿಸಿ ತಿಂದರು.