ರಾಟೆಗೆ ಎರಡು ಸಲ ಎಣ್ಣೆ

ಇವತ್ತು ಒಂಬತ್ತನೇ ತರಗತಿಗೆ ಘರ್ಷಣೆಯ ಪಾಠ ಮಾಡುತ್ತಿದ್ದೆ. ಮೇಜಿನ ಮೇಲಿನ ಹಳೆಯ ರಾಟೆ ಕಿರ್ರೆಂದಿತು. ಮುಂದಿನ ಬೆಂಚಿನ ಹುಡುಗಿ, "ಎಣ್ಣೆ ಬುಡ್ಲಾ ಮಿಸ್?" ಎಂದಳು. ನನ್ನ ಕೈ ಅಲ್ಲೇ ನಿಂತಿತು.

ತೆರಕಣಾಂಬಿಯ ನಮ್ಮ ಹಿತ್ತಲ ಬಾವಿಯ ರಾಟೆಯೂ ಹೀಗೇ ಕಿರುಗುಟ್ಟುತ್ತಿತ್ತು. ಕಣ್ಣು ಕಾಣದ ಅಜ್ಜಿ ಹಿತ್ತಲ ಬಾಗಿಲಲ್ಲಿ ಕೂತು, ನೀರು ಸೇದುವವರು ಯಾರೆಂದು ಆ ಸದ್ದಿನಿಂದಲೇ ಹೇಳುತ್ತಿದ್ದಳು. "ನಿಮ್ಮವ್ವ ಒಂದೇ ಸಮ ಸೇದ್ತಾಳೆ. ನೀನು ನಿಂತು ನಿಂತು ಸೇದ್ತೀಯ ಕಣಮ್ಮಿ."

ಘರ್ಷಣೆ ನಮ್ಮ ಬಲಕ್ಕೆ ಎದುರು ನಿಲ್ಲುತ್ತದೆ, ಎಣ್ಣೆ ಹಾಕಿದರೆ ಸೋಲುತ್ತದೆ ಎಂದು ಮೇಷ್ಟ್ರು ಹೇಳಿದ ದಿನವೇ ನಾನು ಜಂಬದಿಂದ ರಾಟೆಗೆ ಹರಳೆಣ್ಣೆ ಬಿಟ್ಟೆ. ಅವ್ವನ ತೋಳಿಗೆ ಎಷ್ಟು ನ್ಯೂಟನ್ ಉಳಿಯಿತೆಂದು ಲೆಕ್ಕ ಬೇರೆ ಹಾಕಿದೆ. ಮರುದಿನ ಬೆಳಿಗ್ಗೆ ಅಜ್ಜಿ ಗಾಬರಿಯಿಂದ, "ನಿಮ್ಮವ್ವ ಎದ್ದಿಲ್ವಾ? ಮೈ ಉಸಾರಿಲ್ವಾ?" ಎಂದು ಕೂಗಿದಳು. ಅವ್ವ ಒದ್ದೆ ಕೈಯಿಂದ ಅವಳ ಕೆನ್ನೆ ಮುಟ್ಟಿ, "ಇಲ್ಲೇ ಇವ್ನಿ ಕಣತ್ತೆ" ಎಂದು ನಕ್ಕಳು.

ಆ ಎಣ್ಣೆ ಒಣಗುವಷ್ಟರಲ್ಲಿ ಅವ್ವ ಜ್ವರದಲ್ಲಿ ತೀರಿಕೊಂಡಳು. ಮತ್ತೆ ಕಿರುಗುಟ್ಟತೊಡಗಿದ್ದ ರಾಟೆಯಲ್ಲಿ ನೀರು ಸೇದುವುದು ನನ್ನ ಪಾಲಿಗೆ ಬಂತು. ಕೈ ಪಳಗಿ ನಾನೂ ಒಂದೇ ಸಮ ಸೇದತೊಡಗಿದೆ. ಒಂದು ಬೆಳಿಗ್ಗೆ ಅಜ್ಜಿ ಗೋಡೆ ಹಿಡಿದು ಎದ್ದು, "ಮಾದೇವೀ, ಬಂದ್ಯಾ?" ಎಂದು ಅವ್ವನನ್ನು ಕರೆದಳು. ಮರುದಿನವೂ ಕರೆದಳು. ಮೂರನೆಯ ದಿನ ನಾನು ರಾಟೆಗೆ ಮತ್ತೆ ಎಣ್ಣೆ ಬಿಟ್ಟೆ.

ಅಜ್ಜಿ ಆಮೇಲೆ ಕರೆಯಲಿಲ್ಲ. ಕಿವಿಯನ್ನು ಮಾತ್ರ ಬಾವಿಯ ಕಡೆಗೇ ಕೊಟ್ಟು ಕೂತಿರುತ್ತಿದ್ದಳು.

ಹುಡುಗಿ ಎಣ್ಣೆ ಬಾಟಲಿ ಹಿಡಿದು ಕಾಯುತ್ತಿದ್ದಳು.

"ಬ್ಯಾಡ ಬುಡವ್ವ," ಎಂದೆ. "ಕಿರ್ರನ್ಲಿ."